ಬಾಲ್‌ ಸ್ಕ್ರೂಗೆ ಚಾಲಕ ದಂಡದ ಜೋಡಣೆ

ಬಾಲ್‌ ಸ್ಕ್ರೂಗೆ ಚಾಲಕ ದಂಡದ ಜೋಡಣೆ ಎಂಬುದು ಕೈಯಿಂದ ನಡೆಸುವ ಲೇತ್ ಅಥವಾ ಮಿಲ್ಲಿಂಗ್ ಯಂತ್ರವನ್ನು ಗಣಕ ನಿಯಂತ್ರಿತ ಯಂತ್ರವನ್ನಾಗಿ ಪರಿವರ್ತಿಸುವಾಗ ಎದುರಾಗುವ ಒಂದು ಮುಖ್ಯ ಕೆಲಸ. ಮೋಟಾರಿನ ತಿರುಗುವ ಚಲನೆಯನ್ನು ಮೇಜಿನ ನೇರ ಚಲನೆಯಾಗಿ ಮಾರ್ಪಡಿಸುವ ಬಾಲ್‌ ಸ್ಕ್ರೂವಿನ ತುದಿಗೆ ಮೋಟಾರನ್ನು, ಹಲ್ಲುಪಟ್ಟಿಯ ಚಕ್ರವನ್ನು ಅಥವಾ ಕೈಚಕ್ರವನ್ನು ಸೇರಿಸಲು ನಯವಾದ, ದುಂಡಗಿನ ದಂಡವೊಂದು ಬೇಕಾಗುತ್ತದೆ. ಕಾರ್ಖಾನೆಯಲ್ಲಿ ಈ ದಂಡವನ್ನು ಸ್ಕ್ರೂವಿನ ತುದಿಯಲ್ಲಿಯೇ ಕಡೆದು ರೂಪಿಸಲಾಗುತ್ತದೆ. ಮನೆಯ ಕಾರ್ಯಾಗಾರದಲ್ಲಿ ಪರಿವರ್ತನೆ ಮಾಡುವವರಿಗೆ ದೊರೆಯುವ ಸ್ಕ್ರೂ ಹಲವು ವೇಳೆ ಬರಿಯ ತುಂಡಾಗಿರುತ್ತದೆ, ಇಲ್ಲವೇ ತುದಿಯ ಅಳತೆ ಅವರ ಯಂತ್ರಕ್ಕೆ ಹೊಂದುವುದಿಲ್ಲ. ಹೀಗಾಗಿ ತುದಿಯನ್ನು ಕಡೆಯುವುದು, ಬೇರೊಂದು ದಂಡವನ್ನು ಸೇರಿಸುವುದು, ಕಪ್ಲಿಂಗ್ ಬಳಸುವುದು ಎಂಬ ಮೂರು ದಾರಿಗಳಲ್ಲಿ ಒಂದನ್ನೋ ಹಲವನ್ನೋ ಅನುಸರಿಸಬೇಕಾಗುತ್ತದೆ. ಈ ಜೋಡಣೆ ಜಾರಿದರೆ ಯಂತ್ರಕ್ಕೆ ತಾನು ಎಲ್ಲಿದ್ದೇನೆಂಬುದು ತಿಳಿಯದೆ ಹೋಗುತ್ತದೆ. ಲಂಬ ಅಕ್ಷದಲ್ಲಿ ಜಾರಿದರೆ ಯಂತ್ರದ ತಲೆಭಾಗವೇ ಕೆಳಗೆ ಬೀಳಬಹುದು.

ಹಿನ್ನೆಲೆ

ಬಾಲ್‌ ಸ್ಕ್ರೂವಿನಲ್ಲಿ ದಂಡದ ಸುರುಳಿ ತೋಡಿಗೂ ನಟ್ಟಿನ ಒಳಗಿನ ತೋಡಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಒಂದು ತುದಿಗೆ ಬಂದ ಗುಂಡುಗಳು ಮರಳುದಾರಿಯೊಂದರ ಮೂಲಕ ಮೊದಲಿನ ಜಾಗಕ್ಕೆ ಹಿಂದಿರುಗುತ್ತವೆ. ಈ ಬಗೆಯ ರಚನೆಗೆ ಅಮೆರಿಕದಲ್ಲಿ ೧೮೯೮ರಲ್ಲಿಯೇ ಪೇಟೆಂಟುಗಳು ದೊರೆತಿದ್ದರೂ, ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ೧೯೪೦ರ ದಶಕದಲ್ಲಿ, ಮೋಟಾರು ಕಾರುಗಳ ಸ್ಟಿಯರಿಂಗ್ ವ್ಯವಸ್ಥೆಯ ಮೂಲಕ. ೧೯೫೨ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಆ ಬಳಿಕ ಯಂತ್ರೋಪಕರಣಗಳಲ್ಲಿ ಬಾಲ್‌ ಸ್ಕ್ರೂವಿನ ಸ್ಥಾನ ಭದ್ರವಾಯಿತು.

ಹಳೆಯ ಯಂತ್ರಗಳಲ್ಲಿರುವ ಟ್ರೆಪಿಜಾಯ್ಡ್ ಅಥವಾ ಆಕ್ಮಿ ಥ್ರೆಡ್‌ನ ಸ್ಕ್ರೂಗಳಲ್ಲಿ ಲೋಹವು ಲೋಹದ ಮೇಲೆ ಜಾರುತ್ತದೆ. ಅವುಗಳ ದಕ್ಷತೆ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಬಾಲ್‌ ಸ್ಕ್ರೂವಿನ ದಕ್ಷತೆ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿರುತ್ತದೆ. ಹಿಂದುಮುಂದಾಗಿ ತಿರುಗಿಸುವಾಗ ಕಾಣುವ ಸಡಿಲು, ಅಂದರೆ ಬ್ಯಾಕ್‌ಲ್ಯಾಶ್, ಬಹಳ ಕಡಿಮೆ. ಬ್ರಿಡ್ಜ್‌ಪೋರ್ಟ್ ಮಾದರಿಯ ದೊಡ್ಡ ಮಿಲ್ಲಿಂಗ್ ಯಂತ್ರಗಳಿಂದ ಹಿಡಿದು ಚೀನಾದ ಸೀಗ್ ಎಕ್ಸ್‌೨ನಂಥ ಪುಟ್ಟ ಯಂತ್ರಗಳವರೆಗೆ ಹವ್ಯಾಸಿಗಳು ಹಳೆಯ ಸ್ಕ್ರೂವನ್ನು ತೆಗೆದು ಬಾಲ್‌ ಸ್ಕ್ರೂವನ್ನು ಕೂರಿಸಲು ಇದೇ ಕಾರಣ. ಲಿನಕ್ಸ್‌ಸಿಎನ್‌ಸಿ, ಜಿಆರ್‌ಬಿಎಲ್ ಮುಂತಾದ ಮುಕ್ತ ತಂತ್ರಾಂಶಗಳು ಬಂದ ಮೇಲೆ ನಿಯಂತ್ರಣದ ಭಾಗ ಅಗ್ಗವೂ ಸುಲಭವೂ ಆಯಿತು. ಕಷ್ಟವಾಗಿ ಉಳಿದಿರುವುದು ಲೋಹದ ಕೆಲಸವೇ.

ಸ್ಕ್ರೂವಿನ ತುದಿ

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಕ್ರೂಗಳಲ್ಲಿ ಒಂದು ೧೬೦೫ ಎಂಬ ಸಂಖ್ಯೆಯದು. ಇದರಲ್ಲಿ ೧೬ ಎಂಬುದು ಮಿಲಿಮೀಟರಿನಲ್ಲಿ ಹೇಳಿದ ವ್ಯಾಸ, ೦೫ ಎಂಬುದು ಒಂದು ಸುತ್ತಿಗೆ ನಟ್ಟು ಸರಿಯುವ ದೂರ. ಇದಕ್ಕೆ ಹೊಂದುವ ಬೇರಿಂಗ್ ಪೀಠಗಳು ಬಿಕೆ೧೨ ಮತ್ತು ಬಿಎಫ್‌೧೨. ಮೊದಲನೆಯದು ಸ್ಥಿರ ತುದಿಗೆ. ಅದರೊಳಗೆ ಅಕ್ಷದ ನೇರಕ್ಕೆ ಬರುವ ಒತ್ತಡವನ್ನು ಎರಡೂ ದಿಕ್ಕಿನಲ್ಲಿ ತಡೆಯುವ ಒಂದು ಜೊತೆ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್‌ಗಳಿರುತ್ತವೆ. ಎರಡನೆಯದು ತೇಲುವ ತುದಿಗೆ. ಅಲ್ಲಿ ದಂಡ ಕಾವಿಗೆ ಹಿಗ್ಗಿದರೆ ಸರಿದುಕೊಳ್ಳಲು ಅವಕಾಶವಿದೆ. ಬಿಕೆ೧೨ಕ್ಕೆ ತಕ್ಕಂತೆ ಸಿದ್ಧಪಡಿಸಿದ ತುದಿಯಲ್ಲಿ ಬೇರಿಂಗ್ ಕೂರಲು ೧೨ ಮಿಮೀ ವ್ಯಾಸದ ಭಾಗ, ಅದರ ಮುಂದೆ ಬಿಗಿಯುವ ನಟ್ಟಿಗಾಗಿ ೧೨ ಮಿಮೀ ವ್ಯಾಸದ, ೧ ಮಿಮೀ ಅಂತರದ ಥ್ರೆಡ್, ಕೊನೆಯಲ್ಲಿ ಚಾಲನೆಗಾಗಿ ೧೦ ಮಿಮೀ ವ್ಯಾಸದ ಗಿಡ್ಡ ದಂಡ ಇರುತ್ತವೆ. ಇಂಥ ಸ್ಕ್ರೂ ಕೈಗೆ ಸಿಕ್ಕಿ, ಯಂತ್ರದಲ್ಲಿ ಅದಕ್ಕೆ ಜಾಗವೂ ಇದ್ದರೆ ಈ ಲೇಖನದ ಬಹುಭಾಗ ಅನಗತ್ಯ. ಆದರೆ ಯಂತ್ರದ ಮೇಜಿನ ಅಡಿಯ ಇಕ್ಕಟ್ಟು, ಹಳೆಯ ಬೇರಿಂಗ್ ಮನೆಯ ರಂಧ್ರ, ಮೂಲ ಕೈಚಕ್ರದ ಅಳತೆ ಇವುಗಳಲ್ಲಿ ಯಾವುದಾದರೊಂದು ಅಡ್ಡ ಬರುವುದೇ ಹೆಚ್ಚು.

ಬಾಲ್‌ ಸ್ಕ್ರೂವಿನ ಹೊರಮೈ ಗುಂಡುಗಳ ಒತ್ತಡವನ್ನು ತಾಳಬೇಕಾದುದರಿಂದ ಅದನ್ನು ವಿದ್ಯುತ್ ಪ್ರೇರಣೆಯಿಂದ ಕಾಯಿಸಿ ಗಡಸು ಮಾಡಿರುತ್ತಾರೆ. ರಾಕ್‌ವೆಲ್ ಸಿ ಮಾನದಲ್ಲಿ ಇದು ೫೮ರಿಂದ ೬೨. ಸಾಧಾರಣ ಹೈಸ್ಪೀಡ್ ಉಕ್ಕಿನ ಉಳಿ ಇದರ ಮೇಲೆ ಗೀರು ಕೂಡ ಹಾಕುವುದಿಲ್ಲ; ಉಳಿಯ ಮೂತಿಯೇ ಸವೆಯುತ್ತದೆ. ಆದರೆ ಗಡಸುತನವಿರುವುದು ಮೇಲ್ಪದರದಲ್ಲಿ ಮಾತ್ರ. ತೆಂಗಿನಕಾಯಿಯ ಕರಟದಂತೆ ಹೊರಗೆ ಗಟ್ಟಿ, ಒಳಗೆ ಮೆದು. ಈ ಒಂದು ಸಂಗತಿಯನ್ನು ಅರಿತರೆ ಮುಂದಿನ ವಿಧಾನಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ: ಒಂದೋ ಕರಟವನ್ನು ತೆಗೆಯಬೇಕು, ಇಲ್ಲವೇ ಅದನ್ನು ಮೆದುಗೊಳಿಸಬೇಕು, ಇಲ್ಲವೇ ಅದರ ನಡುವಿನ ತಿರುಳಿನೊಳಕ್ಕೆ ಇಳಿಯಬೇಕು.

ತುದಿಯನ್ನು ಕಡೆಯುವುದು

ಕೆಲಸಕ್ಕೆ ಮುನ್ನ ನಟ್ಟನ್ನು ಸ್ಕ್ರೂವಿನಿಂದ ಹೊರತೆಗೆಯಬೇಕು. ನೇರವಾಗಿ ತಿರುಗಿಸಿ ತೆಗೆದರೆ ಗುಂಡುಗಳು ನೆಲದ ಪಾಲಾಗುತ್ತವೆ. ತೋಡಿನ ತಳದ ವ್ಯಾಸಕ್ಕಿಂತ ಕೂದಲೆಳೆಯಷ್ಟು ಕಿರಿದಾದ ಕೊಳವೆಯೊಂದನ್ನು ಸ್ಕ್ರೂವಿನ ತುದಿಗೆ ಒತ್ತಿ ಹಿಡಿದು, ನಟ್ಟನ್ನು ಅದರ ಮೇಲಕ್ಕೆ ಸರಿಸಿ, ಎರಡೂ ಬದಿಯಲ್ಲಿ ಕಟ್ಟಿ ಇಡುವುದು ರೂಢಿ. ಸಾಣೆಯ ಧೂಳು ನಟ್ಟಿನೊಳಗೆ ಸೇರಿದರೆ ಸ್ಕ್ರೂವಿನ ಆಯುಷ್ಯ ಅಲ್ಲಿಗೆ ಮುಗಿದಂತೆ. ಆದ್ದರಿಂದ ನಟ್ಟನ್ನು ಚೀಲದಲ್ಲಿ ಸುತ್ತಿ ದೂರ ಇಡುವುದು ಅತಿಯಾದ ಜಾಗ್ರತೆಯೇನಲ್ಲ.

ಗಡಸು ಪದರವನ್ನು ತೆಗೆಯಲು ಕಾರ್ಬೈಡ್ ಅಥವಾ ಕ್ಯೂಬಿಕ್ ಬೋರಾನ್ ನೈಟ್ರೈಡ್ ತುದಿಯ ಉಳಿ ಬೇಕು. ಸುರುಳಿ ತೋಡು ಇರುವವರೆಗೆ ಉಳಿಯು ಪ್ರತಿ ಸುತ್ತಿನಲ್ಲೂ ಲೋಹವನ್ನು ಬಿಟ್ಟು ಮತ್ತೆ ಹಿಡಿಯುತ್ತದೆ. ಈ ಬಡಿತಕ್ಕೆ ಕಾರ್ಬೈಡ್ ತುದಿ ಚಕ್ಕೆಯೇಳಬಹುದು. ಹಗುರವಾದ ಪುಟ್ಟ ಲೇತ್ ಇದ್ದವರು ಮೊದಲು ಕೈ ಸಾಣೆಯಂತ್ರದಿಂದ, ಸ್ಕ್ರೂ ನಿಧಾನವಾಗಿ ತಿರುಗುತ್ತಿರುವಂತೆಯೇ, ಮೇಲ್ಪದರವನ್ನು ಉಜ್ಜಿ ತೆಗೆದು ಆಮೇಲೆ ತಿರುಳನ್ನು ಉಳಿಯಿಂದ ಕಡೆಯುತ್ತಾರೆ. ಲೇತಿನ ಹಾಸನ್ನು ಆಗ ಒದ್ದೆ ಬಟ್ಟೆಯಿಂದ ಮುಚ್ಚಿರಬೇಕು. ಸಾಣೆಯ ಪುಡಿಗೆ ಸ್ಕ್ರೂ ಯಾವುದು, ಹಾಸು ಯಾವುದು ಎಂಬ ಭೇದವಿಲ್ಲ.

ತುದಿಯನ್ನು ಕೆಂಪಗೆ ಕಾಯಿಸಿ ಬೂದಿಯಲ್ಲೋ ಸುಣ್ಣದಲ್ಲೋ ಹೂತು ನಿಧಾನವಾಗಿ ಆರಲು ಬಿಡುವುದು ಇನ್ನೊಂದು ಕ್ರಮ. ಹೀಗೆ ಮೆದುವಾದ ಭಾಗವನ್ನು ಸಾಮಾನ್ಯ ಉಳಿಯಿಂದಲೇ ಕಡೆಯಬಹುದು. ಕಾವು ನಟ್ಟು ಓಡಾಡುವ ಭಾಗಕ್ಕೆ ಹರಿಯದಂತೆ ಅಲ್ಲಿಗೆ ಒದ್ದೆ ಬಟ್ಟೆ ಸುತ್ತಿರಬೇಕು. ಎರಡು ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವು ತಗುಲಿದ ಕಡೆಯಲ್ಲೆಲ್ಲ ಗಡಸುತನ ಇಳಿಯತೊಡಗುತ್ತದೆ. ಕಾಯಿಸಿದ ದಂಡ ಸ್ವಲ್ಪ ಬಾಗುವ ಸಂಭವವೂ ಇದೆ.

ಈ ಕೆಲಸಗಳಲ್ಲಿ ಹೊಸಬರು ಕಡೆಗಣಿಸುವ ಅಂಶವೆಂದರೆ ಸ್ಕ್ರೂವನ್ನು ಹಿಡಿಯುವ ಬಗೆ. ಮೂರು ದವಡೆಯ ಚಕ್ಕಿನಲ್ಲಿ ನೇರವಾಗಿ ಹಿಡಿದರೆ ದವಡೆಗಳು ಸುರುಳಿಯ ಏಣುಗಳ ಮೇಲೆ ಓರೆಯಾಗಿ ಕೂರುತ್ತವೆ. ಹಿತ್ತಾಳೆ ಅಥವಾ ಅಲ್ಯೂಮಿನಿಯಮ್‌ನ ಸೀಳಿದ ಬುಷ್ ಒಂದನ್ನು ಸ್ಕ್ರೂವಿನ ಹೊರ ವ್ಯಾಸಕ್ಕೆ ಸರಿಯಾಗಿ ಮಾಡಿಕೊಂಡು, ಅದನ್ನು ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು, ಡಯಲ್ ಗೇಜಿನಿಂದ ಓಲಾಟವನ್ನು ೦.೦೨ ಮಿಮೀ ಒಳಗೆ ತರುವುದು ಒಳ್ಳೆಯದು. ಇಲ್ಲಿ ಉಳಿಸಿದ ಅರ್ಧ ಗಂಟೆಗೆ ಮುಂದೆ ಯಂತ್ರ ಓಡುವಷ್ಟು ಕಾಲವೂ ಬಡ್ಡಿ ಕಟ್ಟಬೇಕಾಗುತ್ತದೆ.

ಬೇರಿಂಗ್ ತಾಗಿ ನಿಲ್ಲುವ ಭುಜದ ವಿಷಯದಲ್ಲಿಯೂ ಒಂದು ತೊಡಕಿದೆ. ಸುರುಳಿ ತೋಡು ಭುಜವನ್ನು ಒಂದು ಕಡೆ ಕತ್ತರಿಸಿಕೊಂಡು ಹೋಗುವುದರಿಂದ ಬೇರಿಂಗಿನ ಒಳ ಬಳೆಗೆ ಪೂರ್ತಿ ಸುತ್ತಿನ ಆಧಾರ ಸಿಗುವುದಿಲ್ಲ. ನಡುವೆ ಸಮತಟ್ಟಾದ ಒಂದು ಬಳೆಯನ್ನು ಸೇರಿಸಿದರೆ ಒತ್ತಡ ಸಮನಾಗಿ ಹಂಚಿಹೋಗುತ್ತದೆ.

ಬೇರೊಂದು ದಂಡವನ್ನು ಸೇರಿಸುವುದು

ಸ್ಕ್ರೂ ಗಿಡ್ಡವಾಗಿದ್ದಾಗ, ಅಥವಾ ಹಳೆಯ ಬೇರಿಂಗ್ ಮನೆಗೆ ಹೊಂದುವಷ್ಟು ದಪ್ಪನೆಯ ತುದಿ ಬೇಕಾದಾಗ, ಮೆದು ಉಕ್ಕಿನ ಬೇರೆ ದಂಡವನ್ನು ಮಾಡಿ ಸೇರಿಸುತ್ತಾರೆ. ಇದರಲ್ಲಿ ಎರಡು ರೂಪಗಳಿವೆ. ಸ್ಕ್ರೂವಿನ ತುದಿಯನ್ನು ತೋಡು ಅಳಿಯುವವರೆಗೆ ಕಡೆದು ಮೊಳೆಯಂತೆ ಮಾಡಿ, ದಂಡದಲ್ಲಿ ಕೊರೆದ ರಂಧ್ರದೊಳಗೆ ಕೂರಿಸುವುದು ಒಂದು. ಸ್ಕ್ರೂವಿನ ತಿರುಳಿನಲ್ಲಿಯೇ ರಂಧ್ರ ಕೊರೆದು ದಂಡದ ಮೊಳೆಯನ್ನು ಅದರೊಳಗೆ ಕೂರಿಸುವುದು ಇನ್ನೊಂದು. ೧೬ ಮಿಮೀ ಸ್ಕ್ರೂವಿಗೆ ಮೊದಲನೆಯದೇ ಲೇಸು. ತೋಡಿನ ತಳದಲ್ಲಿ ಅಳೆದರೆ ಅದರ ವ್ಯಾಸ ಸುಮಾರು ೧೩ ಮಿಮೀ ಮಾತ್ರ. ೮ ಮಿಮೀ ರಂಧ್ರ ಕೊರೆದರೆ ಉಳಿಯುವ ಗೋಡೆ ಎರಡೂವರೆ ಮಿಲಿಮೀಟರು. ೨೫ ಮಿಮೀ ಅಥವಾ ಅದಕ್ಕೂ ದಪ್ಪನೆಯ ಸ್ಕ್ರೂಗಳಿಗೆ ಎರಡನೆಯ ರೂಪ ಅನುಕೂಲ, ಏಕೆಂದರೆ ಗಡಸು ಪದರವನ್ನು ಮುಟ್ಟಬೇಕಾಗಿಯೇ ಇಲ್ಲ. ರಂಧ್ರವನ್ನು ಡ್ರಿಲ್ಲಿನಿಂದಲೇ ಕೊನೆಗಾಣಿಸಬಾರದು. ಡ್ರಿಲ್ ತನಗೆ ತೋರಿದ ಕಡೆ ಸರಿಯುತ್ತದೆ. ಅದಕ್ಕಿಂತ ಕಿರಿದಾದ ರಂಧ್ರ ಮಾಡಿ, ಬೋರಿಂಗ್ ಉಳಿಯಿಂದ ಅಳತೆಗೆ ತಂದರೆ ಮಾತ್ರ ಎರಡೂ ದಂಡಗಳ ನಡುಗೆರೆ ಒಂದಾಗುತ್ತದೆ.

ಜೋಡಣೆಯನ್ನು ಯಾವುದರಿಂದ ಭದ್ರಪಡಿಸಬೇಕೆಂಬುದಕ್ಕೆ ಮೊದಲು, ಅದು ತಾಳಬೇಕಾದ ಬಲ ಎಷ್ಟೆಂದು ನೋಡುವುದು ಉಚಿತ. ೫ ಮಿಮೀ ಸರಿತದ ಸ್ಕ್ರೂವನ್ನು ೨ ನ್ಯೂಟನ್ ಮೀಟರ್ ತಿರುಚು ಬಲದಿಂದ ತಿರುಗಿಸಿದರೆ, ದಕ್ಷತೆ ೦.೯ ಎಂದಿಟ್ಟುಕೊಂಡಾಗ, ನಟ್ಟಿನ ಮೇಲೆ ಬೀಳುವ ನೇರ ಒತ್ತಡ ಸುಮಾರು ೨,೨೬೦ ನ್ಯೂಟನ್. ಇದು ೨೩೦ ಕಿಲೋಗ್ರಾಂ ಭಾರಕ್ಕೆ ಸಮ. ಹಾಗಾಗಿ ಜೋಡಣೆ ಬೇರಿಂಗಿನ ಯಾವ ಬದಿಗಿದೆ ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಸ್ಥಿರ ಬೇರಿಂಗು ಸ್ಕ್ರೂವಿನ ಮೇಲೆಯೇ ಇದ್ದು, ಜೋಡಣೆ ಅದರಾಚೆ ಮೋಟಾರಿನ ಕಡೆಗಿದ್ದರೆ, ಜೋಡಣೆಯ ಪಾಲಿಗೆ ಬರುವುದು ೨ ನ್ಯೂಟನ್ ಮೀಟರಿನ ತಿರುಚು ಮಾತ್ರ. ಬೇರಿಂಗನ್ನು ಸೇರಿಸಿದ ದಂಡದ ಮೇಲೆ ಕೂರಿಸಿದರೆ, ಜೋಡಣೆಯು ನಟ್ಟಿಗೂ ಬೇರಿಂಗಿಗೂ ನಡುವೆ ಸಿಕ್ಕಿ, ತಿರುಚಿನ ಜೊತೆಗೆ ೨,೨೬೦ ನ್ಯೂಟನ್ನಿನ ಎಳೆತ ತಳ್ಳುಗಳನ್ನೂ ದಿಕ್ಕು ಬದಲಾದಾಗಲೆಲ್ಲ ತಾಳಬೇಕು. ಮೇಲ್ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಪರಿವರ್ತನೆಗಳಲ್ಲಿ ಒಂದು ವರ್ಷಗಟ್ಟಲೆ ಬಾಳಿ ಇನ್ನೊಂದು ಬೇಗನೆ ಸಡಿಲುವುದಕ್ಕೆ ಅನೇಕ ವೇಳೆ ಇದೇ ಕಾರಣ.

ತಿರುಚಿಗಷ್ಟೇ ಆದರೆ ದಂಡ ದಪ್ಪವಾಗಿರಬೇಕಿಲ್ಲ. ೮ ಮಿಮೀ ದಂಡಕ್ಕೆ ೪ ನ್ಯೂಟನ್ ಮೀಟರ್ ತಿರುಚು ಕೊಟ್ಟರೂ ಅದರ ಹೊರಮೈಯಲ್ಲಿನ ಕತ್ತರಿ ಒತ್ತಡ ಚದರ ಮಿಲಿಮೀಟರಿಗೆ ಸುಮಾರು ೪೦ ನ್ಯೂಟನ್. ಮೆದು ಉಕ್ಕಿಗೆ ಇದು ಹೊರೆಯೇ ಅಲ್ಲ.

ಭದ್ರಪಡಿಸಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಗಾಳಿಯಿಲ್ಲದ ಕಡೆ ಗಟ್ಟಿಯಾಗುವ ಅಂಟು. ಈ ಜಾತಿಯ ಅಂಟನ್ನು ೧೯೫೩ರಲ್ಲಿ ಅಮೆರಿಕದ ರಸಾಯನ ವಿಜ್ಞಾನದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ರೂಪಿಸಿದರು. ಲಾಕ್‌ಟೈಟ್ ಎಂಬ ಹೆಸರು ಅಲ್ಲಿಂದ ಬಂದದ್ದು. ಅದರಲ್ಲಿ ೬೩೮ ಸಂಖ್ಯೆಯ ಅಂಟು ಉಕ್ಕಿನ ನಡುವೆ ಚದರ ಮಿಲಿಮೀಟರಿಗೆ ೨೫ ನ್ಯೂಟನ್ನಿಗಿಂತ ಹೆಚ್ಚು ತಾಳುತ್ತದೆ. ೧೦ ಮಿಮೀ ವ್ಯಾಸದ ಮೊಳೆ ೨೦ ಮಿಮೀ ಆಳಕ್ಕೆ ಕೂತರೆ, ಲೆಕ್ಕದ ಪ್ರಕಾರ ಅದು ೭೮ ನ್ಯೂಟನ್ ಮೀಟರ್ ತಿರುಚನ್ನೂ ೧೫,೭೦೦ ನ್ಯೂಟನ್ ಎಳೆತವನ್ನೂ ತಡೆಯಬಲ್ಲದು. ಎಣ್ಣೆಯ ಅಂಶ, ಬಡಿತ, ಕಾವು ಇವುಗಳ ಸಲುವಾಗಿ ಅದರಲ್ಲಿ ಕಾಲುಭಾಗವನ್ನಷ್ಟೇ ನಂಬಿದರೂ ಮನೆಯ ಯಂತ್ರಕ್ಕೆ ಧಾರಾಳವಾಯಿತು. ಎರಡೂ ಮೈಗಳನ್ನು ಅಸಿಟೋನಿನಿಂದ ಒರೆಸಿ ಎಣ್ಣೆ ತೆಗೆಯಬೇಕು. ಮೊಳೆಗೂ ರಂಧ್ರಕ್ಕೂ ನಡುವೆ ೦.೦೫ ಮಿಮೀ ಆಸುಪಾಸಿನ ಸಂದು ಇರಬೇಕು. ರಂಧ್ರ ಮುಚ್ಚಿದ ತುದಿಯದಾದರೆ ಗಾಳಿ ಹೊರಹೋಗಲು ಸಣ್ಣ ತೂತನ್ನೋ ಮೊಳೆಯ ಮೇಲೆ ಚಪ್ಪಟೆ ಗೆರೆಯನ್ನೋ ಬಿಡಬೇಕು; ಇಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿ ಮೊಳೆಯನ್ನು ಮೆಲ್ಲಗೆ ಹೊರದೂಡುತ್ತದೆ. ಅಂಟು ಕೆಲವೇ ನಿಮಿಷಗಳಲ್ಲಿ ಹಿಡಿದಂತೆ ಕಂಡರೂ ಪೂರ್ಣ ಬಲ ಬರಲು ಒಂದು ಹಗಲು ಒಂದು ರಾತ್ರಿ ಬೇಕು.

ಅಂಟಿನ ಜೊತೆಗೆ ಅಡ್ಡ ಪಿನ್ ಹಾಕುವುದು ಹಳೆಯ ಮತ್ತು ವಿವೇಕದ ಪದ್ಧತಿ. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಎರಡನ್ನೂ ಒಟ್ಟಿಗೆ ಕೊರೆದು ಪಿನ್ ಬಡಿಯುತ್ತಾರೆ. ಐವತ್ತಕ್ಕೆ ಒಂದರಂತೆ ಕಿರಿದಾಗುವ ಓರೆ ಪಿನ್ನನ್ನು ರೀಮರಿನಿಂದ ಹದಗೊಳಿಸಿದ ರಂಧ್ರಕ್ಕೆ ಹಾಕಿದರೆ ಸಡಿಲಿಗೆ ಎಡೆಯಿಲ್ಲ. ಪಿನ್ನಿನ ದಪ್ಪ ಮೊಳೆಯ ವ್ಯಾಸದ ಮೂರನೆಯ ಒಂದು ಭಾಗವನ್ನು ಮೀರಬಾರದು. ಮೀರಿದರೆ ಪಿನ್ ಉಳಿದು ಮೊಳೆ ಮುರಿಯುತ್ತದೆ.

ಬೆಸುಗೆ ಹಾಕುವವರೂ ಇದ್ದಾರೆ. ಸ್ಕ್ರೂವಿನ ಉಕ್ಕಿನಲ್ಲಿ ನೂರಕ್ಕೆ ಅರ್ಧದಷ್ಟು ಇಂಗಾಲವಿರುವುದರಿಂದ ಬೆಸುಗೆಯ ಪಕ್ಕದ ಭಾಗ ಬೇಗನೆ ಆರಿದರೆ ಗಾಜಿನಂತೆ ಪೆಡಸಾಗುತ್ತದೆ. ಮೊದಲೇ ಕಾಯಿಸಿ, ನಿಧಾನವಾಗಿ ಆರಿಸಿ, ಆಮೇಲೆ ಬೆಸೆದ ದಂಡವನ್ನು ಸ್ಕ್ರೂವಿಗೆ ನೇರವಾಗುವಂತೆ ಮತ್ತೆ ಕಡೆಯುವ ಸಹನೆ ಇರುವವರಿಗೆ ಮಾತ್ರ ಇದು ತಕ್ಕದ್ದು. ಬೆಸುಗೆಯ ವಿದ್ಯುತ್ತು ಬೇರಿಂಗುಗಳ ಮೂಲಕ ಹಾಯಬಾರದು. ಬೆಳ್ಳಿ ಬೆಸುಗೆಯ ಕಾವು ಇದಕ್ಕಿಂತ ಕಡಿಮೆ, ಆದರೂ ಆರುನೂರು ಡಿಗ್ರಿಯ ಮೇಲೆಯೇ.

ಕಪ್ಲಿಂಗ್

ಸ್ಕ್ರೂವಿನ ತುದಿಯನ್ನು ಮೋಟಾರಿನ ದಂಡಕ್ಕೆ ಕೂಡಿಸುವ ಭಾಗ ಕಪ್ಲಿಂಗ್. ನೇಮಾ ೨೩ ಎಂಬ ಅಳತೆಯ ಸ್ಟೆಪರ್ ಮೋಟಾರಿನ ದಂಡ ೬.೩೫ ಅಥವಾ ೮ ಮಿಮೀ. ೨೩ ಎಂಬುದು ಅದರ ಮುಖದ ಅಗಲ ೨.೩ ಅಂಗುಲವೆಂಬುದರ ಸೂಚನೆ. ಸ್ಕ್ರೂವಿನ ತುದಿ ೧೦ ಮಿಮೀ ಆದ್ದರಿಂದ ಎರಡು ಬೇರೆ ರಂಧ್ರಗಳುಳ್ಳ ಕಪ್ಲಿಂಗ್ ಬೇಕು.

ಗಟ್ಟಿ ಕಪ್ಲಿಂಗು ಸರಳವೂ ದೃಢವೂ ಆದದ್ದು, ಆದರೆ ಎರಡು ದಂಡಗಳ ನಡುಗೆರೆ ಕೂದಲಷ್ಟು ತಪ್ಪಿದರೂ ಬೇರಿಂಗುಗಳು ಪ್ರತಿ ಸುತ್ತಿಗೂ ಬಾಗುತ್ತವೆ. ಸುರುಳಿಯಾಗಿ ಸೀಳಿದ ಅಲ್ಯೂಮಿನಿಯಮ್ ಕಪ್ಲಿಂಗು ಅಗ್ಗ, ಅದರ ಸ್ವಭಾವ ಮಾತ್ರ ಸ್ಪ್ರಿಂಗಿನದು; ಚಿಕ್ಕ ಮೋಟಾರಿಗೆ ಆದೀತು, ಮಿಲ್ಲಿಂಗಿನ ನಡುಕಕ್ಕೆ ಕೊನೆಗೆ ಬಿರುಕು ಬಿಡುತ್ತದೆ. ದವಡೆಗಳ ನಡುವೆ ಗಡಸು ಪಾಲಿಯುರೇಥೇನ್ ನಕ್ಷತ್ರವಿರುವ ಕಪ್ಲಿಂಗು ಮನೆಯ ಪರಿವರ್ತನೆಗಳಿಗೆ ಬಹುಮಟ್ಟಿಗೆ ಸಾಕು. ನಕ್ಷತ್ರವು ಬಿಗಿಯಾಗಿ ಒತ್ತಿ ಕೂರುವಂಥದಿರಬೇಕು. ಬೆಲ್ಲೋಸ್ ಮತ್ತು ತೆಳು ತಟ್ಟೆಯ ಕಪ್ಲಿಂಗುಗಳು ಸರ್ವೋ ಮೋಟಾರುಗಳಿಗೆ ಸೂಕ್ತ.

ಕಪ್ಲಿಂಗಿನ ಸಡಿಲು ಎಷ್ಟು ಕೆಡುಕು ಮಾಡುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ೫ ಮಿಮೀ ಸರಿತದಲ್ಲಿ ಒಂದು ಡಿಗ್ರಿ ತಿರುಗಿದರೆ ಮೇಜು ಸರಿಯುವುದು ೦.೦೧೪ ಮಿಮೀ. ಅರ್ಧ ಡಿಗ್ರಿಯ ಸಡಿಲು ಹವ್ಯಾಸಿಯ ಕೆಲಸದಲ್ಲಿ ಕಣ್ಣಿಗೇ ಬೀಳದು. ಕಪ್ಲಿಂಗುಗಳ ಬಗೆಗೆ ನಡೆಯುವ ಚರ್ಚೆ ಅವುಗಳ ದೋಷಕ್ಕಿಂತ ದೊಡ್ಡದು. ಜಾರುವಿಕೆಯಾದರೋ ಹಾಗಲ್ಲ. ಜಾರಿದ್ದು ಕೂಡುತ್ತ ಹೋಗುತ್ತದೆ, ಮತ್ತು ಸ್ಟೆಪರ್ ಮೋಟಾರಿಗೆ ಅದು ತಿಳಿಯುವುದೇ ಇಲ್ಲ. ಎನ್‌ಕೋಡರ್ ಇರುವ ಮೋಟಾರು ಕೂಡ ತನ್ನ ದಂಡವನ್ನಷ್ಟೇ ಅಳೆಯುತ್ತದೆ. ಕಪ್ಲಿಂಗಿನಾಚೆ ಏನಾಯಿತೆಂಬುದು ಅದರ ಅರಿವಿಗೆ ಹೊರತು.

ಆದ್ದರಿಂದ ದಂಡವನ್ನು ಒಂದೇ ಬಿಂದುವಿನಲ್ಲಿ ಒತ್ತುವ ಗ್ರಬ್ ಸ್ಕ್ರೂವನ್ನು ನೆಚ್ಚಬಾರದು. ಅದು ದಂಡದ ಮೇಲೆ ಗಾಯ ಮಾಡುತ್ತದೆ, ದಂಡವನ್ನು ಒಂದು ಬದಿಗೆ ತಳ್ಳುತ್ತದೆ, ಹಿಂದುಮುಂದಿನ ಚಲನೆಗೆ ಸಡಿಲುತ್ತದೆ. ಸುತ್ತಲೂ ಅಪ್ಪಿಕೊಳ್ಳುವಂತೆ ಸೀಳಿ ಬೋಲ್ಟಿನಿಂದ ಬಿಗಿಯುವ ಕಪ್ಲಿಂಗನ್ನೇ ಆರಿಸಬೇಕು. ಗ್ರಬ್ ಸ್ಕ್ರೂ ಅನಿವಾರ್ಯವಾದರೆ ದಂಡದ ಮೇಲೆ ಚಪ್ಪಟೆ ಜಾಗ ಮಾಡಿ, ಥ್ರೆಡ್ಡಿಗೆ ಅಂಟು ಹಾಕಿ ಬಿಗಿಯಬೇಕು.

ಮೋಟಾರನ್ನು ನೇರಕ್ಕೆ ಇಡಲು ಜಾಗವಿಲ್ಲದ ಕಡೆ ಹಲ್ಲುಪಟ್ಟಿ ಬಳಸುತ್ತಾರೆ. ೧೫ ಮತ್ತು ೩೦ ಹಲ್ಲಿನ ಚಕ್ರಗಳಿದ್ದರೆ ತಿರುಚು ಇಮ್ಮಡಿಯಾಗಿ ವೇಗ ಅರ್ಧವಾಗುತ್ತದೆ. ನಡುಗೆರೆ ಹೊಂದಿಸುವ ತಾಪತ್ರಯ ತಪ್ಪುತ್ತದೆ, ಆದರೆ ಪಟ್ಟಿಯ ಎಳೆತ ಸೇರಿಸಿದ ದಂಡವನ್ನು ಸದಾ ಒಂದು ಕಡೆಗೆ ಬಾಗಿಸುತ್ತಿರುತ್ತದೆ. ಚಕ್ರವನ್ನು ಬೇರಿಂಗಿಗೆ ಆದಷ್ಟು ಹತ್ತಿರ ಕೂರಿಸಬೇಕು.

ಲಂಬ ಅಕ್ಷ

ಆಕ್ಮಿ ಸ್ಕ್ರೂವಿನ ಯಂತ್ರದಲ್ಲಿ ಕೈಚಕ್ರವನ್ನು ಬಿಟ್ಟರೂ ತಲೆಭಾಗ ಇದ್ದಲ್ಲಿಯೇ ನಿಲ್ಲುತ್ತದೆ; ಘರ್ಷಣೆಯೇ ಅಲ್ಲಿ ಕಾವಲು. ಬಾಲ್‌ ಸ್ಕ್ರೂವಿನಲ್ಲಿ ಆ ಕಾವಲಿಲ್ಲ. ೩೦ ಕಿಲೋಗ್ರಾಂ ತೂಗುವ ತಲೆಭಾಗ ೫ ಮಿಮೀ ಸರಿತದ ಸ್ಕ್ರೂವನ್ನು ೦.೨ ನ್ಯೂಟನ್ ಮೀಟರಿನಷ್ಟು ಬಲದಿಂದ ತಾನೇ ಹಿಂದಕ್ಕೆ ತಿರುಗಿಸುತ್ತದೆ. ವಿದ್ಯುತ್ ಹೋದಾಗ ಅದು ಮೆಲ್ಲಗೆ ಇಳಿಯಬಹುದು. ಕಪ್ಲಿಂಗ್ ಜಾರಿದರೆ ಇಳಿಯುವುದು ಮೆಲ್ಲಗಲ್ಲ, ಮತ್ತು ಅದರ ಕೆಳಗೆ ಉಳಿ ಬದಲಿಸುತ್ತಿರುವವರ ಕೈ ಇರಬಹುದು. ಈ ಅಕ್ಷದಲ್ಲಿ ಅಂಟಿನ ಜೊತೆ ಪಿನ್ ಕಡ್ಡಾಯವೆಂದೇ ತಿಳಿಯಬೇಕು. ಮೋಟಾರಿನ ಬ್ರೇಕ್ ಜೋಡಣೆಯ ಈಚೆಗೆ ಇರುವುದರಿಂದ ಜೋಡಣೆ ಕಳಚಿದಾಗ ಅದು ನೆರವಿಗೆ ಬಾರದು. ತೂಕವನ್ನು ಸರಿದೂಗಿಸುವ ಗ್ಯಾಸ್ ಸ್ಪ್ರಿಂಗ್ ಅಥವಾ ಎದುರುತೂಕವಾದರೆ ನೇರವಾಗಿ ತಲೆಭಾಗವನ್ನೇ ಹಿಡಿದಿರುತ್ತದೆ. ಕೈ ಹಾಕಿ ಕೆಲಸ ಮಾಡುವಾಗ ತಲೆಭಾಗದ ಅಡಿಗೆ ಮರದ ದಿಮ್ಮಿಯೊಂದನ್ನು ಇಡುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ.

ಸೇರಿಸಿದ ದಂಡದ ಇನ್ನೊಂದು ಬದಿಗೆ ಹಳೆಯ ಕೈಚಕ್ರವನ್ನು ಉಳಿಸಿಕೊಳ್ಳುವವರು ಅದರ ಹಿಡಿಯನ್ನು ತೆಗೆದುಬಿಡಬೇಕು. ಮೋಟಾರು ವೇಗವಾಗಿ ತಿರುಗಿಸುವಾಗ ಆ ಹಿಡಿ ಬಟ್ಟೆಯನ್ನೂ ಬೆರಳನ್ನೂ ಸೆಳೆದುಕೊಳ್ಳುತ್ತದೆ.

ಕೆಲಸ ಮಾಡಿಸಿಕೊಳ್ಳುವುದು

ಸ್ವಂತ ಲೇತ್ ಇಲ್ಲದವರು, ಅಥವಾ ಪರಿವರ್ತನೆಗಾಗಿ ತಮ್ಮ ಒಂದೇ ಲೇತನ್ನು ಬಿಚ್ಚಿಟ್ಟವರು, ತುದಿಯ ಕೆಲಸವನ್ನು ಹೊರಗೆ ಮಾಡಿಸುತ್ತಾರೆ. ೧೯೫೩ರಲ್ಲಿ ಎಚ್‌ಎಂಟಿ ಆರಂಭವಾದಂದಿನಿಂದ ಯಂತ್ರೋಪಕರಣಗಳ ಊರಾಗಿ ಬೆಳೆದ ಬೆಂಗಳೂರಿನಲ್ಲಿ, ಮುಖ್ಯವಾಗಿ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ಕೂಲಿಗೆ ಟರ್ನಿಂಗ್ ಮತ್ತು ಗ್ರೈಂಡಿಂಗ್ ಮಾಡಿಕೊಡುವ ಸಣ್ಣ ಕಾರ್ಯಾಗಾರಗಳಿವೆ. ನಟ್ಟನ್ನು ಮನೆಯಲ್ಲಿಯೇ ತೆಗೆದಿಟ್ಟು, ಬೇರಿಂಗನ್ನೂ ಕಪ್ಲಿಂಗನ್ನೂ ಸ್ಕ್ರೂವಿನ ಜೊತೆ ಒಯ್ದರೆ ಅಳತೆಯ ಬಗ್ಗೆ ಮಾತು ಬೆಳೆಯುವುದಿಲ್ಲ.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ಸ್ಕ್ರೂ, ಕಪ್ಲಿಂಗ್, ಮೋಟಾರಿನ ದಂಡ ಈ ಮೂರರ ಮೇಲೂ ಹಾದುಹೋಗುವಂತೆ ಶಾಯಿಯಿಂದ ಒಂದೇ ನೇರ ಗೆರೆ ಎಳೆಯಬೇಕು. ಮೇಜಿಗೆ ಡಯಲ್ ಗೇಜ್ ತಾಗಿಸಿ, ಯಂತ್ರವನ್ನು ಪೂರ್ಣ ವೇಗದಲ್ಲಿ ನೂರಾರು ಬಾರಿ ಹಿಂದಕ್ಕೂ ಮುಂದಕ್ಕೂ ಓಡಿಸಿ ಮೊದಲಿನ ಸ್ಥಾನಕ್ಕೆ ತರಬೇಕು. ಗೇಜಿನ ಮುಳ್ಳು ಮೊದಲಿದ್ದಲ್ಲಿಗೆ ಬಾರದಿದ್ದರೆ ಗೆರೆಯನ್ನು ನೋಡಬೇಕು. ಗೆರೆ ಮುರಿದಿದ್ದರೆ ಆ ಜಾಗದ ಜೋಡಣೆ ಜಾರಿದೆ. ಗೆರೆ ನೇರವಾಗಿದ್ದರೆ ತಪ್ಪು ಮೋಟಾರು ಹೆಜ್ಜೆ ಬಿಟ್ಟದ್ದರಲ್ಲಿದೆ, ಇಲ್ಲವೇ ಬೇರಿಂಗ್ ನಟ್ಟಿನ ಸಡಿಲಿನಲ್ಲಿದೆ. ಪ್ರತಿ ೫ ಮಿಲಿಮೀಟರಿಗೊಮ್ಮೆ ಮರುಕಳಿಸುವ ಏರಿಳಿತ ಕಂಡುಬಂದರೆ ದಂಡ ಓರೆಯಾಗಿ ಕೂತಿದೆ ಎಂದರ್ಥ. ಯಂತ್ರವನ್ನು ಬಳಸತೊಡಗಿದ ಮೊದಲ ಕೆಲವು ದಿನಗಳು ಈ ಗೆರೆಯನ್ನು ಅಳಿಸದೆ ಇಟ್ಟುಕೊಳ್ಳುವುದು ವಾಡಿಕೆ.